ನೀರಿಲ್ಲದ ಊರಿನ ಪೌರ

ಗ್ಯಾರೋಸ್ ದ್ವೀಪ
ಏಪ್ರಿಲ್ ಹನ್ನೆರಡು, ಚಕ್ರವರ್ತಿಯ ಹದಿಮೂರನೆಯ ವರ್ಷ

ಮಗಳು ಫಿಲಿನ್ನಾಳಿಗೆ ಅಪ್ಪ ದಮೊನಿಕೊಸ್ ಮಾಡುವ ಆಶೀರ್ವಾದ.

ತಾರ್ಸೊಸ್ ಬಿಟ್ಟ ಇಪ್ಪತ್ತಮೂರನೆಯ ದಿನಕ್ಕೆ ಇಲ್ಲಿ ಬಂದಿಳಿದೆ. ಹಡಗಿನಲ್ಲಿ ಎರಡು ದಿನ ವಾಂತಿಯಾದದ್ದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಬಂದರಿನಲ್ಲಿ ನೀನು ಅತ್ತದ್ದು ನನಗೆ ಹಿಡಿಸಲಿಲ್ಲ. ಅಲ್ಲೇ ಹೇಳಬೇಕೆಂದಿದ್ದೆ, ಸೈನಿಕ ಅವಸರ ಮಾಡಿದ. ನನಗೆ ಆದದ್ದಾದರೂ ಏನು? ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ಹೊಗಳಿ ಭಾಷಣ ಮಾಡು ಎಂದರು. ವಿವೇಕವನ್ನು ಬಿಟ್ಟರೆ ನನಗೆ ಬೇರೆ ಒಡೆಯನಿಲ್ಲ ಎಂದೆ. ರಾಜ್ಯಪಾಲರು ಊರು ಬಿಡಿಸಿದರು.

ಊರು ಬಿಡಿಸಿದರು ಎನ್ನುವ ಮಾತೇ ತಪ್ಪು. ಮೂವತ್ತು ವರ್ಷ ನಮ್ಮ ಕಂಬಸಾಲಿನಲ್ಲಿ ಕೂತು ನಾನು ಹೇಳಿಕೊಟ್ಟದ್ದು ಇದನ್ನೇ ಅಲ್ಲವೇ? ಬುದ್ಧಿ ಇರುವವರೆಲ್ಲ ಒಂದೇ ಊರಿನವರು, ಆ ಊರಿಗೆ ಗೋಡೆಯಿಲ್ಲ, ಕಾವಲುಗಾರನಿಲ್ಲ. ನಮ್ಮ ಪಂಥಕ್ಕೂ ಮೊದಲು ಒಬ್ಬನಿದ್ದ. ಅವನನ್ನು ಹುಟ್ಟಿದ ಊರಿನವರು ಓಡಿಸಿದ್ದರು. ಯಾವೂರು ಎಂದು ಕೇಳಿದವರಿಗೆಲ್ಲ ಅವನು ಲೋಕವನ್ನೇ ತೋರಿಸುತ್ತಿದ್ದನಂತೆ. ತಾರ್ಸೊಸ್ ಆ ದೊಡ್ಡ ಊರಿನ ಒಂದು ಕೇರಿ, ಗ್ಯಾರೋಸ್ ಇನ್ನೊಂದು. ನಾನು ಕೇರಿ ಬದಲಾಯಿಸಿದ್ದೇನೆ, ಅಷ್ಟೆ.

ದ್ವೀಪ ಚಿಕ್ಕದು. ಬರೀ ಬಂಡೆ. ಬೆಸ್ತರ ಹತ್ತಿಪ್ಪತ್ತು ಗುಡಿಸಲು. ನನ್ನನ್ನು ಗ್ಲೌಕಿಸ್ ಎಂಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿದ್ದಾರೆ. ಬಂದ ದಿನ ಅವಳು ಬಾಗಿಲಿಗೆ ಅಡ್ಡ ನಿಂತು ಕೇಳಿದಳು:

“ಯಾವೂರಯ್ಯ ನಿಂದು?”

“ಲೋಕವೇ ನನ್ನೂರಮ್ಮ,” ಎಂದೆ.

“ಹಂಗಾದ್ರೆ ಇದೂ ನಿಮ್ಮೂರೇ ಆಯ್ತು. ನೀರು ಎಲ್ಲಿ ಸಿಗ್ತದೆ ಅಂತ ಗೊತ್ತಿರ್ಬೇಕಲ್ಲ, ಒಂದ್ ಕೊಡ ತಗೊಂಬಾ ಹೋಗು.”

ನಾನು ನಕ್ಕೆ. ಅವಳು ನಗಲಿಲ್ಲ. ಬೆಸ್ತರಲ್ಲಿಯೂ ಇಂಥ ಚುರುಕು ಬುದ್ಧಿ ಇರುವುದು ನನ್ನ ಮಾತಿಗೇ ಸಾಕ್ಷಿ.

ಒಂದು ವಿಷಯ. ನನ್ನ ಶಿಷ್ಯರಲ್ಲಿ ಮೆನೆಸ್ತ್ರಾಟೊಸನಷ್ಟು ಸ್ಪಷ್ಟವಾಗಿ ಯೋಚಿಸುವವನು ಇನ್ನೊಬ್ಬನಿಲ್ಲ. ಈ ವಯಸ್ಸಿಗೇ ನಗರಸಭೆಯ ಕಾರ್ಯದರ್ಶಿಯಾಗಿದ್ದಾನೆ. ನಿನ್ನ ಮದುವೆಯ ಮಾತನ್ನು ಅವನು ಎರಡು ಸಲ ಎತ್ತಿದ್ದ. ನಿನ್ನ ಸೋದರತ್ತೆಯ ಹತ್ತಿರ ಮಾತಾಡಿ ಹೂಂ ಅನ್ನು. ನಿನಗೆ ಇಪ್ಪತ್ತೆರಡಾಯಿತು.

ಅಪ್ಪ


ತಾರ್ಸೊಸ್
ಜೂನ್ ಮೂರು

ಅಪ್ಪಾ,

ನಿನ್ನ ಕಾಗದ ಬಂತು. ಅತ್ತೆಗೆ ಓದಿ ಹೇಳಿದೆ. “ಕೇರಿ ಬದಲಾಯಿಸಿದಾನಂತೆ! ಇವನಿಗೆ ಯಾವಾಗ್ಲೂ ಎಲ್ಲಾ ಸಲೀಸು,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಂದರಿನಲ್ಲಿ ಅತ್ತದ್ದಕ್ಕೆ ಕ್ಷಮಿಸು. ನೀನು ಅಷ್ಟು ನೆಮ್ಮದಿಯಿಂದ ಇರುವುದನ್ನು ಓದಿ ನನಗೂ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ನಾಚಿಕೆಯೂ ಆಯಿತು.

ಮನೆ ಹಾಗೇ ಇದೆ. ಕಂಬಸಾಲಿನಲ್ಲಿ ಪಾಠ ನಿಂತಿದೆ. ನಿನ್ನ ಜಾಗದಲ್ಲಿ ಈಗ ಒಬ್ಬ ಹಲ್ಲಿನ ವೈದ್ಯ ಕೂರುತ್ತಾನೆ. ಶಿಷ್ಯರಲ್ಲಿ ನಿನ್ನನ್ನು ಕೇಳಿಕೊಂಡು ಬರುವವರು ಇಬ್ಬರೇ. ಒಬ್ಬ ಮೆನೆಸ್ತ್ರಾಟೊಸ್. ಇನ್ನೊಬ್ಬ ಶಿಷ್ಯನೆಂದು ನೀನು ಒಪ್ಪುತ್ತೀಯೋ ಇಲ್ಲವೋ. ತರ್ಕುಂಬಿಯೊಸ್ ಅಂತ, ನದಿಯಾಚೆಯ ನಾರುಮಗ್ಗದವನು. ನಮ್ಮ ಮನೆಗೆ ಬಟ್ಟೆ ತರುತ್ತಿದ್ದವನು. ಒಂಬತ್ತು ವರ್ಷ ನಿನ್ನ ಪಾಠವನ್ನು ಕೊನೆಯ ಕಂಬದ ಹಿಂದೆ ನಿಂತು ಕೇಳಿದ್ದಾನೆ. ಮುಂದೆ ಬಂದು ಕೂತರೆ ಮೈಗೆ ಅಂಟಿದ, ನೀರಲ್ಲಿ ಕೊಳೆಸಿದ ನಾರಿನ ವಾಸನೆಗೆ ಬೇರೆಯವರು ಏಳುತ್ತಾರೆ ಎಂದು ಹಿಂದೆ ನಿಲ್ಲುತ್ತಿದ್ದನಂತೆ. ನಿನ್ನ ಕಾಗದ ಓದಿಸಿಕೊಂಡು ಅವನು ಒಂದು ಮಾತು ಹೇಳಿದ:

“ಆ ಹಳಬರು ಲೋಕವೇ ನನ್ನೂರು ಅಂದಿದ್ದು ಅವರನ್ನ ಓಡಿಸಿದ ಮೇಲೆ ಅಲ್ವಾ? ಊರಿದ್ದಾಗ ಯಾರೂ ಹಾಗನ್ನಲ್ಲ. ಮೇಷ್ಟ್ರು ಒಬ್ಬರೇ ಊರಿದ್ದೂ ಅಂದೋರು. ಅದಕ್ಕೇ ನಾನು ಕೇಳೋಕೆ ಬರ್ತಿದ್ದೆ.”

ಈ ಮಾತು ನಿನಗೆ ಇಷ್ಟವಾಗುತ್ತದೆ ಎಂದುಕೊಂಡೆ.

ನಾರುಮಗ್ಗದವರು ನಗರಸಭೆಗೆ ಅರ್ಜಿ ಹಾಕಿದ್ದಾರೆ. ಮೂರು ತಲೆಮಾರಿನಿಂದ ಇಲ್ಲೇ ಹುಟ್ಟಿ ಇಲ್ಲೇ ಸತ್ತವರು ನಾವು, ನಮ್ಮನ್ನೂ ಪೌರರ ಪಟ್ಟಿಗೆ ಸೇರಿಸಿ ಎಂದು. ಅರ್ಜಿಯಲ್ಲಿ ನಿನ್ನ ಮಾತೇ ಇದೆ, ಬುದ್ಧಿ ಇರುವವರೆಲ್ಲ ಒಂದೇ ಊರಿನವರು ಎನ್ನುವುದು. ಸಭೆಯಲ್ಲಿ ಅದನ್ನು ಓದಿದಾಗ ಯಾರೋ “ಬುದ್ಧಿ ಇರೋರಿಗೆ ಮೂಗೂ ಇರುತ್ತಪ್ಪ,” ಎಂದು ಕೂಗಿದರಂತೆ. ಎಲ್ಲರೂ ನಕ್ಕರಂತೆ. ಆದರೂ ತಳ್ಳಿಹಾಕಲಿಲ್ಲ, ವಿಚಾರಣೆಗೆ ಇಟ್ಟಿದ್ದಾರೆ.

ಮೆನೆಸ್ತ್ರಾಟೊಸನ ವಿಷಯ ಈಗ ಬೇಡ ಅಪ್ಪ. ನೀನು ಇಲ್ಲದಾಗ ಮದುವೆಯ ಮಾತು ಯಾಕೆ.

ಒಣ ಅಂಜೂರ, ಎರಡು ನಾರಿನ ಅಂಗಿ, ಬರೆಯುವ ಹಾಳೆ ಕಳುಹಿಸಿದ್ದೇನೆ. ಅಂಗಿ ನೇಯ್ದದ್ದು ತರ್ಕುಂಬಿಯೊಸನೇ.

ಫಿಲಿನ್ನಾ


ಗ್ಯಾರೋಸ್
ಆಗಸ್ಟ್ ಇಪ್ಪತ್ತು

ಫಿಲಿನ್ನಾ,

ಅಂಜೂರ ತಲುಪಿತು. ಅಂಗಿಯೂ. ಅಕ್ಷರ ಸ್ವಲ್ಪ ಅತ್ತಿತ್ತ ಆಗಿದ್ದರೆ ಗಾಬರಿಯಾಗಬೇಡ, ಇಲ್ಲಿನ ಮಸಿ ಚೆನ್ನಾಗಿಲ್ಲ.

ನಾನು ಹಾಯಾಗಿದ್ದೇನೆ. ಬೆಳಿಗ್ಗೆ ದ್ವೀಪದ ಸುತ್ತ ಒಂದು ನಡಿಗೆ, ಆಮೇಲೆ ಓದು, ಚಿಂತನೆ. ಬೇಕಾದದ್ದು ಎಷ್ಟು ಕಡಿಮೆ ಎಂದು ಮನುಷ್ಯನಿಗೆ ಇಲ್ಲಿ ಗೊತ್ತಾಗುತ್ತದೆ. ನೀನು ಇಲ್ಲಿಗೆ ಬರುವ ಯೋಚನೆ ಮಾಡಿದ್ದೀಯ ಎಂದು ಅತ್ತೆ ಬೇರೆ ಚೀಟಿಯಲ್ಲಿ ಬರೆದಿದ್ದಾಳೆ. ಬೇಡ. ಅಗತ್ಯವಿಲ್ಲ.

ಆ ನಾರುಮಗ್ಗದವನ ಮಾತು ಪರವಾಗಿಲ್ಲ. ಆದರೆ ಕಂಬದ ಹಿಂದೆ ಯಾರೋ ನಿಲ್ಲುತ್ತಿದ್ದ ನೆನಪು ನನಗಿಲ್ಲ. ಒಂಬತ್ತು ವರ್ಷ ಎಂದರೆ ಹೆಚ್ಚು ಹೇಳಿರಬೇಕು. ಅರ್ಜಿ ಹಾಕಿದ್ದು ಸಂತೋಷ. ಆದರೆ ನಾನು ಹೇಳಿದ ಊರು ಬೇರೆ, ತಾರ್ಸೊಸಿನ ಪಟ್ಟಿ ಬೇರೆ. ಗಲಾಟೆಯಾಗದಂತೆ ನೋಡಿಕೊಳ್ಳಲಿ. ಹೆಚ್ಚುಕಡಿಮೆಯಾದರೆ ಹೆಸರು ಬರುವುದು ನನ್ನ ಪಾಠಕ್ಕೆ.

ಮೆನೆಸ್ತ್ರಾಟೊಸನಿಗೆ ಉತ್ತರ ಕೊಡದೆ ಕಾಯಿಸುವುದು ಸರಿಯಲ್ಲ.

ಅಪ್ಪ


ತಾರ್ಸೊಸ್
ಅಕ್ಟೋಬರ್ ಎಂಟು

ಅಪ್ಪಾ,

ಚಳಿಗಾಲಕ್ಕೆ ಮುಂಚಿನ ಕೊನೆಯ ಹಡಗು ಇದೇ ಅಂತೆ. ನಾಳೆ ಬೆಳಿಗ್ಗೆ ಹೊರಡುತ್ತದೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಹೇಳುವುದು ಒಂದಿದೆ. ಒಳ್ಳೆಯದೇ. ಅದನ್ನು ಹೀಗೆ ನಿಂತುಕೊಂಡು ಬರೆಯಲು ಮನಸ್ಸಿಲ್ಲ, ವಸಂತದಲ್ಲಿ ಕೂತು ಬರೆಯುತ್ತೇನೆ.

ಮೆನೆಸ್ತ್ರಾಟೊಸ್ ಹೋದ ವಾರ ಮನೆಗೆ ಬಂದಿದ್ದ. ಈ ಸಲ ಅವನು ಎತ್ತಿದ್ದು ಮದುವೆಯ ಮಾತಲ್ಲ. ನಿನ್ನನ್ನು ವಾಪಸು ಕಳುಹಿಸಿ ಎಂದು ನಗರಸಭೆ ರಾಜ್ಯಪಾಲರನ್ನು ಕೇಳಿಕೊಳ್ಳಬಹುದಂತೆ. ಅದಕ್ಕೆ ಬದಲಾಗಿ ನೀನು ಏನೋ ಒಂದು ವಿವರಣೆ ಬರೆದುಕೊಡಬೇಕಂತೆ. ಏನು ವಿವರಣೆ ಎಂದೆ. “ಅದು ನಿನಗೆ ಬೇಡ ಬಿಡು, ಮೇಷ್ಟ್ರಿಗೆ ಅರ್ಥವಾಗುತ್ತೆ,” ಎಂದ.

ನಾನು ನಿನ್ನ ಎರಡೂ ಕಾಗದ ತಂದು ಅವನ ಮುಂದಿಟ್ಟೆ. “ನೋಡು, ನಮ್ಮಪ್ಪನಿಗೆ ಗ್ಯಾರೋಸ್ ಒಂದೇ, ತಾರ್ಸೊಸ್ ಒಂದೇ. ಅವರು ಹಾಯಾಗಿದಾರೆ. ನಿಮ್ಮ ಸಭೆಯ ದಯೆ ಅವರಿಗೆ ಬೇಕಾಗಿಲ್ಲ,” ಎಂದೆ. ಅವನು ಕಾಗದ ಎರಡು ಸಲ ಓದಿದ. “ಅಕ್ಷರ ನೋಡಿದ್ಯಾ?” ಎಂದು ಕೇಳಿದ. ಮಸಿ ಸರಿಯಿಲ್ಲ ಎಂದೆ. ಎದ್ದುಹೋದ.

ನಾನು ಸರಿಯಾಗಿ ಹೇಳಿದೆ ತಾನೇ? ನೀನೇ ಹೇಳುವಂತೆ ಹೇಳಿದೆ ಎಂದು ನನಗೆ ಹೆಮ್ಮೆಯಾಯಿತು. ಅರ್ಜಿಯ ವಿಚಾರಣೆ ವಸಂತಕ್ಕೆ ಹೋಗಿದೆ. ನದಿಯಾಚೆಯವರು ಆಸೆಯಿಂದಿದ್ದಾರೆ.

ಬೆಚ್ಚಗಿರು.

ನಿನ್ನ ಫಿಲಿನ್ನಾ


ಗ್ಯಾರೋಸ್
ಫೆಬ್ರವರಿ ಇಪ್ಪತ್ತಾರು

ಫಿಲಿನ್ನಾ,

ಸರ್ಕಾರಿ ದೋಣಿಯವನು ತೆಗೆದುಕೊಂಡು ಹೋಗಲು ಒಪ್ಪಿದ್ದಾನೆ, ಆದ್ದರಿಂದ ನಾಲ್ಕು ಸಾಲು.

ಕ್ಷೇಮ. ನನ್ನ ಪರವಾಗಿ ಉತ್ತರ ಹೇಳುವ ಮೊದಲು ನನ್ನನ್ನು ಕೇಳಬಹುದಿತ್ತು. ಇರಲಿ. ಮೆನೆಸ್ತ್ರಾಟೊಸ್ ನವೆಂಬರಿನಲ್ಲಿ ಇದೇ ಸರ್ಕಾರಿ ದೋಣಿಯಲ್ಲಿ ನನಗೇ ನೇರವಾಗಿ ಬರೆದ. ಅವನಿಗೆ ಒಂದು ಚಿಕ್ಕ ವಿವರಣೆ ಬರೆದುಕೊಟ್ಟಿದ್ದೇನೆ. ಪದಗಳ ಬಳಕೆಯ ವಿಷಯ, ಬೇರೇನಲ್ಲ. ಬೇಸಿಗೆಯಲ್ಲಿ ಮನೆಗೆ ಬರಬಹುದು.

ಕೋಣೆ ಗುಡಿಸಿಡು. ಬಾವಿಯ ಹಗ್ಗ ಹಳೆಯದಾಗಿತ್ತು, ಬದಲಾಯಿಸಿಡು.

ಅಪ್ಪ


ತಾರ್ಸೊಸ್
ಮೇ ಹದಿನೈದು, ಚಕ್ರವರ್ತಿಯ ಹದಿನಾಲ್ಕನೆಯ ವರ್ಷ

ತಾರ್ಸೊಸ್ ನಗರದ ಪೌರರಾದ ದಮೊನಿಕೊಸ್ ಅವರಿಗೆ,

ನಿಮ್ಮ ವಿವರಣೆಯನ್ನು ಮೇ ಒಂಬತ್ತರಂದು ರಂಗಮಂದಿರದಲ್ಲಿ, ಇಡೀ ಊರಿನ ಮುಂದೆ ಓದಲಾಯಿತು. ಓದಿದವರು ಕಾರ್ಯದರ್ಶಿ ಮೆನೆಸ್ತ್ರಾಟೊಸ್. ಧ್ವನಿ ಚೆನ್ನಾಗಿತ್ತು, ನೀವೇ ತಿದ್ದಿ ಕಲಿಸಿದ ಧ್ವನಿ. ನಾನು ಹೆಂಗಸರ ಸಾಲಿನಲ್ಲಿ ಮೇಲೆ ಕೂತಿದ್ದೆ. ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ:

“ನಾನು ಹೇಳಿದ ಊರು ವಿವೇಕದ ಊರು. ಅದಕ್ಕೆ ಗೋಡೆಯಿಲ್ಲ, ಆದ್ದರಿಂದ ಪಟ್ಟಿಯೂ ಇಲ್ಲ. ನನ್ನ ಮಾತನ್ನು ಹಿಡಿದುಕೊಂಡು ತಾರ್ಸೊಸಿನ ಪಟ್ಟಿಯಲ್ಲಿ ಜಾಗ ಕೇಳುವವರು ಆ ಮಾತನ್ನು ತಿಳಿದವರಲ್ಲ. ತಿಳಿಯದವರಿಗೆ ಎರಡು ಊರಿನಲ್ಲಿಯೂ ಜಾಗವಿಲ್ಲ.”

ಕೊನೆಯ ವಾಕ್ಯ ಅವರು ಬರೆಸಿದ್ದಲ್ಲ ಎಂದು ನನಗೆ ಗೊತ್ತು. ಅದು ನಿಮ್ಮದೇ. ಅಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲಾರರು.

ಜನ ಚಪ್ಪಾಳೆ ತಟ್ಟಿದರು. ಅರ್ಜಿ ಬಿದ್ದುಹೋಯಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನು ಮುಂದೆ ಇಂಥ ಅರ್ಜಿಯನ್ನೇ ತೆಗೆದುಕೊಳ್ಳಬಾರದು, ನಾರುಮಗ್ಗದವರಿಗೆ ಹುಟ್ಟಿದ ಮಗುವಿನ ತಾಯಿ ಪೌರರ ಮನೆಯವಳಾದರೂ ಮಗು ಹೊರಗಿನದೇ ಎಂದು ಅದೇ ದಿನ ಠರಾವು ಮಾಡಿದರು. ಎರಡನೆಯದನ್ನು ಓದುವಾಗ ಮೆನೆಸ್ತ್ರಾಟೊಸ್ ನನ್ನ ಕಡೆ ನೋಡಿದ.

ಈಗ ನಾನು ವಸಂತದಲ್ಲಿ ಕೂತು ಬರೆಯುತ್ತೇನೆ ಎಂದಿದ್ದ ವಿಷಯ. ಹೋದ ಸೆಪ್ಟೆಂಬರಿನಲ್ಲಿ ನಾನು ತರ್ಕುಂಬಿಯೊಸನನ್ನು ಮದುವೆಯಾದೆ. ಅತ್ತೆ ಮೊದಲು ಬೈದಳು, ಆಮೇಲೆ ಬಂದು ಅಕ್ಕಪಕ್ಕದವರಿಗೆ ಸಿಹಿ ಹಂಚಿದಳು. ನಿಮಗೆ ಅಕ್ಟೋಬರಿನಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ. ಲೋಕವೆಲ್ಲ ಒಂದೂರು ಎನ್ನುವವರ ಮಗಳು ನಾನು, ಅಪ್ಪನಿಗೆ ಹೇಳಲು ಯಾಕೆ ಹೆದರಿಕೆ ಎಂದು ಆಗ ನನ್ನನ್ನೇ ಕೇಳಿಕೊಂಡಿದ್ದೆ. ಹೆದರಿಕೆಗೆ ಕಾರಣವಿತ್ತು ಎಂದು ಈಗ ಗೊತ್ತಾಯಿತು. ನನಗೆ ಮುಂದಿನ ತಿಂಗಳು ಹೆರಿಗೆ.

ನನ್ನ ಗಂಡ ಅವತ್ತು ಕೆಳಗೆ, ಹೊರಗಿನವರು ನಿಲ್ಲುವ ಜಾಗದಲ್ಲಿ ನಿಂತಿದ್ದರು. ಓದುವುದು ಮುಗಿದ ಮೇಲೆ ಅವರ ಜನ ನದಿಯ ಕಡೆ ನಡೆದರು. ದಾರಿಯಲ್ಲಿ ಒಬ್ಬ ಮುದುಕ, “ನಿನ್ನ ಮಾವ ಚೆನ್ನಾಗಿ ಬರೀತಾನಪ್ಪ ತರ್ಕುಂಬಿ. ನಮ್ಮ ಗೋರಿ ಮೇಲೂ ಬರ್ಕೊಡ್ತಾನಾ ಕೇಳು,” ಎಂದ.

ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ನಿಮ್ಮ ಕಾಗದಗಳನ್ನು ಒಲೆಗೆ ಹಾಕಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

“ಅಲ್ಲಿ ನೀರಿಲ್ಲ ಕಣೇ,” ಎಂದರು.

“ಏನಂದ್ರಿ?”

“ಆ ದ್ವೀಪಕ್ಕೆ ಹೋಗಿಬಂದ ನಾವಿಕರನ್ನ ಕೇಳಿದೀನಿ. ಬೇಸಿಗೇಲಿ ಅಲ್ಲಿ ನೀರಿರಲ್ಲ. ನಿಮ್ಮಪ್ಪ ಹಾಯಾಗಿದೀನಿ ಅಂತ ಬರೆದಾಗ್ಲೇ ನಂಗನ್ನಿಸ್ತು. ಬಾಯಾರಿ ಬರೆದಿರೋದು ಅದು. ನಾರು ನೆನೆಸೋನು ನಾನು, ಒಣಗಿದ್ದು ಯಾವುದು ಅಂತ ಮುಟ್ಟಿದ್ರೆ ಗೊತ್ತಾಗುತ್ತೆ.”

“ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಅಷ್ಟು ಹೆಮ್ಮೆಯಿಂದ ಓದ್ತಿದ್ದೆ.”

ಅವರು ನಿಮ್ಮನ್ನು ಕ್ಷಮಿಸಿದ್ದಾರೆ. ನಾನು ಕ್ಷಮಿಸಿಲ್ಲ. ಬಾಯಾರಿದ್ದರೆ ಬಾಯಾರಿದೆ ಎಂದು ಬರೆಯಬಹುದಿತ್ತು. ನಾನು ಮೆನೆಸ್ತ್ರಾಟೊಸನ ಕಾಲು ಹಿಡಿಯುತ್ತಿದ್ದೆ. ಅವನು ಬದಲಿಗೆ ತನ್ನನ್ನೇ ಮದುವೆಯಾಗು ಎಂದಿದ್ದರೆ ಅದನ್ನೂ ಮಾಡುತ್ತಿದ್ದೆನೇನೋ.

ನಿಮ್ಮನ್ನು ವಾಪಸು ಕರೆಸುವ ಆಜ್ಞೆಗೆ ರಾಜ್ಯಪಾಲರ ಮುದ್ರೆ ಬಿದ್ದಿದೆ. ಜುಲೈಯಲ್ಲಿ ದೋಣಿ ಬರುತ್ತದೆ. ಕೋಣೆ ಗುಡಿಸಿದ್ದೇನೆ. ಬಾವಿಗೆ ಹೊಸ ಹಗ್ಗ ಹಾಕಿಸಿದ್ದೇನೆ. ನಾವು ನದಿಯಾಚೆ ಇರುತ್ತೇವೆ. ಬನ್ನಿ.

ಫಿಲಿನ್ನಾ,
ತರ್ಕುಂಬಿಯೊಸನ ಹೆಂಡತಿ


ಗ್ಯಾರೋಸ್
ಜುಲೈ ಇಪ್ಪತ್ತೊಂದು

ಮಗಳೇ,

ದೋಣಿ ಬಂದು ಹೋಯಿತು. ನಾನು ಇಲ್ಲೇ ಇದ್ದೇನೆ. ಯಾಕೆ ಎಂದು ಹೇಳುವ ಮೊದಲು ಇಷ್ಟು ದಿನ ಬರೆಯದೇ ಇದ್ದದ್ದನ್ನು ಬರೆಯುತ್ತೇನೆ. ಕ್ಷಮೆ ಕೇಳಲು ಅಲ್ಲ. ನಿನ್ನ ಗಂಡ ನೋಡದೆಯೇ ತಿಳಿದದ್ದನ್ನು ನೀನು ನನ್ನಿಂದ ತಿಳಿಯಬೇಕು.

ಇಲ್ಲಿ ಬಂಡೆಯಲ್ಲಿ ಕೊರೆದ ಒಂದು ತೊಟ್ಟಿಯಿದೆ. ಮಳೆನೀರು ಅದರಲ್ಲಿ ನಿಲ್ಲುತ್ತದೆ. ಜುಲೈ ಮುಗಿಯುವ ಹೊತ್ತಿಗೆ ತಳ ಕಾಣುತ್ತದೆ. ಆಮೇಲೆ ಪಕ್ಕದ ದ್ವೀಪದಿಂದ ಚರ್ಮದ ಚೀಲಗಳಲ್ಲಿ ನೀರು ಬಂದರೆ ಬಂತು, ಅಲೆ ಜೋರಾದರೆ ಇಲ್ಲ. ನನ್ನ ಪಾಲು ದಿನಕ್ಕೆ ಎರಡು ಬಟ್ಟಲು. ಆಗಸ್ಟಿನಲ್ಲಿ ನಿನಗೆ ಬೆಳಗಿನ ನಡಿಗೆ, ಚಿಂತನೆ ಎಂದು ಬರೆದೆನಲ್ಲ, ಆ ವಾರ ನನಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾಲಿಗೆ ಮರದ ಚೂರಿನಂತೆ ಆಗಿತ್ತು. ಮಸಿಯಲ್ಲಿ ಏನೂ ದೋಷವಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ನಾನು ಗ್ಲೌಕಿಸಳ ಮೇಕೆಗೆ ಇಟ್ಟಿದ್ದ ನೀರನ್ನು ಬಗ್ಗಿ ಕುಡಿದುಬಿಟ್ಟೆ. ಪೂರ್ತಿ. ಯಾರು ಕುಡಿದರು ಎಂದು ಅವಳು ಕೇಳಿದಾಗ, ಬಾನಿ ಬಿರುಕು ಬಿಟ್ಟಿರಬೇಕು ಎಂದೆ. ನನ್ನ ಗಡ್ಡದಲ್ಲಿ ಹುಲ್ಲಿನ ಎಸಳು ಅಂಟಿಕೊಂಡಿತ್ತಂತೆ, ನನಗೆ ಗೊತ್ತಿರಲಿಲ್ಲ. ಅವಳು ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. “ಕೇಳಿದ್ರೆ ಕೊಡ್ತಿದ್ನಲ್ಲಯ್ಯ. ನಿಮ್ಮೂರಲ್ಲಿ ಕೇಳೋ ಪದ್ಧತಿ ಇಲ್ವಾ?” ಎಂದಳು. ಅವತ್ತಿನಿಂದ ತನ್ನ ಪಾಲಿನಲ್ಲಿ ಅರ್ಧ ಬಟ್ಟಲು ನನಗೆ ಹಾಕುತ್ತಾಳೆ. ನಾನು ಬೇಡ ಎಂದು ಒಂದು ಸಲವೂ ಹೇಳಿಲ್ಲ.

ಎಲ್ಲವೂ ನನ್ನ ಊರು ಎಂದು ಕಲಿಸಿದವನಿಗೆ ಒಂದು ದಿನವೂ ಇದು ಊರೆನ್ನಿಸಲಿಲ್ಲ ಫಿಲಿನ್ನಾ. ಅದನ್ನು ನಿನಗೆ ಬರೆದರೆ ಮೂವತ್ತು ವರ್ಷದ ಪಾಠ ಸುಳ್ಳಾಗುತ್ತದೆ ಎಂದು ಹೆದರಿದೆ. ಆದ್ದರಿಂದ ಹಾಯಾಗಿದ್ದೇನೆ ಎಂದು ಬರೆದೆ. ನೀನು ಅದನ್ನು ನಂಬಿ ಮೆನೆಸ್ತ್ರಾಟೊಸನನ್ನು ಬರಿಗೈಯಲ್ಲಿ ಕಳುಹಿಸಿಬಿಟ್ಟೆ ಎಂದು ಓದಿದ ದಿನ ನನಗೆ ನಿನ್ನ ಮೇಲೆ ಬಂದ ಸಿಟ್ಟು ಎಷ್ಟೆಂದರೆ ಅದನ್ನು ಬರೆಯಲಾರೆ. ಅವನ ಕಾಗದ ಬಂದಾಗ ಎರಡೇ ದಿನದಲ್ಲಿ ಉತ್ತರ ಬರೆದೆ. ಆ ಕೊನೆಯ ವಾಕ್ಯ ನನ್ನದೇ, ನೀನು ಹೇಳಿದ್ದು ನಿಜ. ಬರೆದು ಮುಗಿಸಿ, ಚೆನ್ನಾಗಿ ಬಂತು ಎಂದು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ. ಅದು ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸಲಿಲ್ಲ. ಯೋಚಿಸಲು ಅಲ್ಲಿ ನನಗೆ ಒಂದು ಮುಖವೂ ಕಾಣಲಿಲ್ಲ. ಒಂಬತ್ತು ವರ್ಷ ಎದುರಿಗಿದ್ದವನ ಮುಖವೇ ನನಗೆ ನೆನಪಿಲ್ಲ.

ನಿನ್ನ ಮೇ ತಿಂಗಳ ಕಾಗದವೂ ವಾಪಸು ಕರೆಸುವ ಆಜ್ಞೆಯೂ ಒಂದೇ ದೋಣಿಯಲ್ಲಿ ಬಂದವು. ಕಾಗದ ಮೊದಲು ಓದಿದೆ. ಆಮೇಲೆ ಗಂಟು ಕಟ್ಟಿದೆ. ಹೌದು, ಓದಿದ ಮೇಲೂ ಗಂಟು ಕಟ್ಟಿದೆ. ಊರಿಗೆ ಬಂದು ಅಲ್ಲೇ ಎಲ್ಲ ಸರಿ ಮಾಡೋಣ ಎಂದುಕೊಂಡೆ. ದೋಣಿಯ ಹಲಗೆಯ ಮೇಲೆ ಒಂದು ಕಾಲಿಟ್ಟಾಗ ದಳಪತಿ ತಡೆದ.

“ಒಂದು ಪ್ರಮಾಣ ಇದೆ ತಾತ. ಆಜ್ಞೇಲೇ ಬರೆದಿದಾರೆ. ತಾರ್ಸೊಸಿಗೆ ಬರೆದ ವಿವರಣೆ ನಂದೇ, ಮುಂದೆಂದೂ ಅದಕ್ಕೆ ತಪ್ಪಿ ಮಾತಾಡಲ್ಲ ಅಂತ ದೇವರ ಹೆಸರಲ್ಲಿ ಹೇಳ್ಬೇಕು.”

ನಾನು ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

“ಹೂಂ ಅಂದ್ರೆ ಸಾಕು. ನಾನು ಬರ್ಕೋತೀನಿ,” ಎಂದ. ಒಳ್ಳೆಯ ಮನುಷ್ಯ. ಬಿಸಿಲಿಗೆ ಅವನ ಮೂಗಿನ ಸಿಪ್ಪೆ ಎದ್ದಿತ್ತು. “ಹೂಂ ಅನ್ನಿ ತಾತ, ಗಾಳಿ ಬಿದ್ದುಹೋಗುತ್ತೆ.”

ದೋಣಿಯೊಳಗೆ ನೀರಿನ ಪೀಪಾಯಿ ಇತ್ತು. ಮುಚ್ಚಳ ತೆರೆದಿತ್ತು. ನನಗೆ ಅದರ ವಾಸನೆ ಬರುತ್ತಿತ್ತು. ನೀರಿಗೆ ವಾಸನೆಯಿಲ್ಲ ಎನ್ನುವವರು ಇಲ್ಲಿಗೆ ಬಂದು ನೋಡಲಿ. ಹೂಂ ಎನ್ನಲು ಬಾಯಿ ತೆರೆದೆ. ನಿನ್ನ ಹೊಟ್ಟೆಯಲ್ಲಿರುವುದು ನೆನಪಾಯಿತು. ಅದು ಈಗಾಗಲೇ ಹುಟ್ಟಿರಬಹುದು, ನಾನು ಹೂಂ ಎಂದರೆ ಅದರ ಬಾಗಿಲನ್ನು ಎರಡನೆಯ ಸಲ ನಾನೇ ಹಾಕಿದಂತೆ ಎನ್ನಿಸಿತು. ಕಾಲು ತೆಗೆದೆ.

ಇಳಿದು ಬಂದು, ಆ ವಿವರಣೆ ಬಾಯಾರಿಕೆಯಿಂದ ಬರೆದದ್ದು, ಅರ್ಜಿದಾರರೇ ನನ್ನ ಮಾತನ್ನು ಸರಿಯಾಗಿ ತಿಳಿದವರು, ನಾನೇ ತಿಳಿದಿರಲಿಲ್ಲ ಎಂದು ಎರಡು ಪ್ರತಿ ಬರೆದೆ. ಒಂದು ನಗರಸಭೆಗೆ, ಒಂದು ನಿನಗೆ. ದಳಪತಿ ಓದಿದ. “ಇದನ್ನ ಕೊಟ್ಟರೆ ಮತ್ತೆ ದೋಣಿ ಬರಲ್ಲ ಗೊತ್ತಾ?” ಎಂದ. ಗೊತ್ತು ಎಂದೆ.

ದೋಣಿ ಹೊರಟು ಸ್ವಲ್ಪ ದೂರ ಹೋಗುವವರೆಗೆ ಧೈರ್ಯವಾಗಿಯೇ ಇದ್ದೆ. ಆಮೇಲೆ ದಡದಲ್ಲಿ ಕೂತು ಅದನ್ನು ವಾಪಸು ಕೂಗಿದೆ. ಇದನ್ನೂ ಬರೆಯಬೇಕು. ಕೂಗಿದೆ. ಅವರಿಗೆ ಕೇಳಿಸಲಿಲ್ಲ.

ಅಪ್ಪ


ತಾರ್ಸೊಸ್, ನದಿಯಾಚೆ
ಸೆಪ್ಟೆಂಬರ್ ಹನ್ನೆರಡು

ಅಪ್ಪಾ,

ಜೂನ್ ಹದಿನೆಂಟಕ್ಕೆ ಹೆಣ್ಣುಮಗು ಹುಟ್ಟಿತು. ನನ್ನ ಗಂಡನ ಅಜ್ಜಿಯ ಹೆಸರು ಇಟ್ಟಿದ್ದೇವೆ, ನಾನಾ ಅಂತ. ಮೂಗು ನಿನ್ನದು. ಹಾಲು ಕುಡಿಯುವಾಗ ಯಾರಾದರೂ ಮಾತಾಡಿದರೆ ನಿನ್ನ ಹಾಗೇ ಹುಬ್ಬು ಗಂಟಿಕ್ಕುತ್ತಾಳೆ.

ನಿನ್ನ ಕಾಗದ ಓದಿದೆ. ಎಷ್ಟು ಸಲ ಎಂದು ಕೇಳಬೇಡ. ನೀನು ದೋಣಿಯನ್ನು ಕೂಗಿದ ಜಾಗ ಬಂದಾಗ ಪ್ರತಿ ಸಲವೂ ನಿಲ್ಲಿಸಬೇಕಾಗುತ್ತದೆ.

ನೀನು ನಗರಸಭೆಗೆ ಬರೆದದ್ದನ್ನು ಸಭೆಯಲ್ಲಿ ಓದಲೇ ಇಲ್ಲ. “ವಯಸ್ಸಾಯ್ತು, ಬಿಸಿಲಿಗೆ ತಲೆ ಕೆಟ್ಟಿದೆ. ಗುರುಗಳ ಮಾನ ಉಳಿಸೋಕೆ ಪೆಟ್ಟಿಗೇಲಿಟ್ಟಿದೀನಿ,” ಎಂದು ಮೆನೆಸ್ತ್ರಾಟೊಸ್ ನನಗೇ ಹೇಳಿದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಠರಾವು ಹಾಗೇ ಇದೆ. ನಾನಾಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನೀನು ಬರೆದದ್ದರಿಂದ ಏನಾದರೂ ಬದಲಾಯಿತು ಎಂದು ನಿನ್ನನ್ನು ಸಮಾಧಾನ ಮಾಡಲಾರೆ. ಇನ್ನು ಮೇಲೆ ನಾವಿಬ್ಬರೂ ಹಾಗೆ ಬರೆಯುವುದು ಬೇಡ.

ನಿನ್ನ ಇನ್ನೊಂದು ಪ್ರತಿಯನ್ನು ನಾನು ನಾರು ಬಡಿಯುವ ಕಲ್ಲುಗಳ ಹತ್ತಿರ ಎಲ್ಲರಿಗೂ ಓದಿದೆ. ಬಡಿಯುವುದು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಇವರು ಎದ್ದು ನಿಂತು ಒಂದು ಮಾತು ಇಟ್ಟರು. ಇಲ್ಲಿನವರಿಗೆ ತಮ್ಮದೇ ಒಂದು ಸಂಘವಿದೆ. ಸತ್ತರೆ ಹೂಳುವುದು, ಕಾಯಿಲೆ ಬಿದ್ದರೆ ನೋಡಿಕೊಳ್ಳುವುದು, ವರ್ಷಕ್ಕೊಮ್ಮೆ ಒಟ್ಟಿಗೆ ಊಟ. ಅದರ ಹೆಸರುಗಳಲ್ಲಿ ನಿನ್ನ ಹೆಸರನ್ನೂ ಸೇರಿಸೋಣ ಎಂದರು. “ಅವರೀಗ ನಮ್ಮ ಹಾಗೇ ಹೊರಗಿನವರು,” ಎಂದರು.

ತುಂಬ ಹೊತ್ತು ಜಗಳವಾಯಿತು. ಎರಡು ಮಕ್ಕಳನ್ನು ಕಳೆದುಕೊಂಡ ಒಬ್ಬ ಮುದುಕಿ ಹೇಳಿದಳು: “ನಮ್ಮನ್ನ ಯಾರೂ ಕೇಳ್ಲಿಲ್ಲ, ಹೊರಗಿಟ್ರು. ಅವರನ್ನ ಹೂಂ ಅಂತೀಯಾ ಅಂತ ಕೇಳಿದ್ರು. ಎರಡೂ ಒಂದೇನಾ? ಒಂದು ಕಾಗದ ಬರೆದು ನಮ್ಮನ್ನ ಮುಳುಗಿಸಿದ, ಇನ್ನೊಂದು ಬರೆದು ತಾನು ದೊಡ್ಡೋನಾದ. ನಮ್ಮ ಕೈಗೆ ಬಂದಿದ್ದೇನು?”

ಕೈ ಎತ್ತಿಸಿದರು. ಬೇಡ ಎಂದವರು ಅರವತ್ತಕ್ಕೂ ಹೆಚ್ಚು. ಬೇಕು ಎಂದವರು ಹನ್ನೊಂದು ಜನ. ನಾನು ಹೆಂಗಸು, ಮದುವೆಯಿಂದ ಬಂದವಳು. ನನಗೆ ಕೈ ಎತ್ತುವ ಹಕ್ಕಿಲ್ಲ. ಆದ್ದರಿಂದ ನಿನ್ನ ಹೆಸರು ಸೇರಲಿಲ್ಲ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾವು ಅಲ್ಲಿಗೆ ಬರುವ ಮಾತಾಡಿದೆವು. ಇವರು ಹೊರಡಲು ತಯಾರಾಗಿದ್ದರು. ನಾನೇ ಬೇಡ ಎಂದೆ. ಎಳೆಮಗುವನ್ನು ದಿನಕ್ಕೆ ಎರಡು ಬಟ್ಟಲು ನೀರಿನ ಜಾಗಕ್ಕೆ ಕರೆತರಲಾರೆ ಅಪ್ಪ. ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಬರದಿರುವುದಕ್ಕೆ ಕಾರಣ ಅದಲ್ಲ. ನೀನು ಅಲ್ಲಿ ಸಾಯುತ್ತೀಯ ಎಂದು ನನಗೆ ಗೊತ್ತು. ಗೊತ್ತಿದ್ದೂ ಬರುತ್ತಿಲ್ಲ.

ದಪ್ಪ ಚರ್ಮದ ನಾಲ್ಕು ನೀರುಚೀಲ ಕಳುಹಿಸಿದ್ದೇವೆ. ಮಳೆ ಬಂದಾಗ ತುಂಬಿಸಿಟ್ಟುಕೋ. ಒಂದು ಗ್ಲೌಕಿಸಳಿಗೆ.

ಫಿಲಿನ್ನಾ


ಗ್ಯಾರೋಸ್
ಅಕ್ಟೋಬರ್ ಇಪ್ಪತ್ತೆಂಟು

ಮಗಳೇ, ಇದನ್ನು ನಿನ್ನ ಗಂಡನಿಗೂ ಓದಿ ಹೇಳು.

ಅಳಿಯಂದಿರಾದ ತರ್ಕುಂಬಿಯೊಸ್ ಅವರಿಗೆ,

ಚೀಲಗಳು ತಲುಪಿದವು. ನಿನ್ನೆ ಮೊದಲ ಮಳೆ ಬಂತು. ಮೂರು ತುಂಬಿವೆ. ನಾಲ್ಕನೆಯದನ್ನು ಗ್ಲೌಕಿಸ್ ಹಿಡಿದು ನೋಡಿ, ಹೊಲಿಗೆ ಯಾರದು ಎಂದು ಕೇಳಿದಳು. ನನ್ನ ಅಳಿಯನದು ಎಂದೆ.

ಫಿಲಿನ್ನಾ ಬರದಿರುವುದು ಸರಿ. ಬರಲು ನೀವು ಒಪ್ಪಿದಿರಿ ಎಂದು ತಿಳಿದೆ. ಅದಕ್ಕೆ ನಾನು ಏನು ಹೇಳಲಿ.

ಆ ಮುದುಕಿಯ ಪ್ರಶ್ನೆಗೆ ನಾನು ಒಂದು ವಾರ ಉತ್ತರ ಹುಡುಕಿದೆ. ಉತ್ತರವಿಲ್ಲ. ಅವಳು ಹೇಳಿದ್ದೇ ಸರಿ ಎಂದು ನಾನು ಹೇಳಿದೆನೆಂದು ಅವಳಿಗೆ ತಿಳಿಸಿ. ನಿಮ್ಮ ಜನ ಬೇಡ ಎಂದದ್ದರಲ್ಲಿ ತಪ್ಪಿಲ್ಲ, ನೀವು ಊಟ ಬಿಡಬೇಡಿ.

ತಾರ್ಸೊಸಿನ ಪಟ್ಟಿಗೆ ನನ್ನ ಹೆಸರು ನಾನು ಹುಟ್ಟಿದ ಹತ್ತನೆಯ ದಿನ ಸೇರಿತು. ಅಪ್ಪನ ಹೆಸರಿನ ಕೆಳಗೆ ಬರೆದರು. ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರೂ ಯೋಚಿಸಬೇಕಾಗಿರಲಿಲ್ಲ. ದೊಡ್ಡ ಊರಿನ, ಲೋಕದ ಊರಿನ ಪೌರ ಎಂದು ನನ್ನನ್ನು ನಾನೇ ಕರೆದುಕೊಂಡೆ. ಅಲ್ಲಿಯೂ ಯಾರನ್ನೂ ಕೇಳಲಿಲ್ಲ. ಅರವತ್ತೆರಡು ವರ್ಷ ಬದುಕಿದ್ದೇನೆ. ಇವನು ನಮ್ಮವನಾಗಲಿ ಎಂದು ಇಷ್ಟು ದಿನಕ್ಕೆ ಮೊದಲ ಸಲ ಯಾರೋ ನನಗಾಗಿ ಕೈ ಎತ್ತಿದ್ದಾರೆ, ಅದೂ ನಾನು ಕೆಟ್ಟದ್ದು ಮಾಡಿದವರು, ನಾನು ಮಾಡಿದ್ದು ಗೊತ್ತಿದ್ದೂ.

ಒಬ್ಬರು ನೀವು. ಉಳಿದ ಹತ್ತು ಜನ ಯಾರು? ಅವರ ಹೆಸರು, ತಂದೆಯ ಹೆಸರು, ಮನೆಯಲ್ಲಿ ಯಾರ್‍ಯಾರಿದ್ದಾರೆ, ನೋಡಲು ಹೇಗಿದ್ದಾರೆ, ಒಂದೊಂದಾಗಿ ಬರೆಸಿ ಕಳುಹಿಸಿ. ಈ ದೋಣಿ ಹೋದ ಮೇಲೆ ಸಮುದ್ರ ಮಾರ್ಚಿನವರೆಗೆ ತೆರೆಯುವುದಿಲ್ಲ. ನಾನು ಕಾಯುತ್ತೇನೆ.

ದಮೊನಿಕೊಸ್